ಬಾವಿ ಮೇಷ್ಟ್ರ ಮೆಟ್ಟಿಲು

೨೦೨೪ರ ಮೇ ಹನ್ನೆರಡು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ಕಾಲೇಜು ಹಾಸ್ಟೆಲಿನ ಹದಿನೇಳನೇ ಕೋಣೆಯ ಬಾಗಿಲು ತೆರೆದೆ. ಎರಡು ಮಂಚ, ಎರಡು ಮೇಜು, ಒಂದು ಕಿಟಕಿ. ಕಿಟಕಿಯಿಂದ ನೇರ ಕೆಳಗೆ ಅಂಗಳದ ಬಾವಿ. ಶಿಬಿರಕ್ಕೆ ಬಂದ ಇಪ್ಪತ್ತೆರಡು ಜನರಲ್ಲಿ ನನಗೇ ಈ ಕೋಣೆ ಯಾಕೆ ಬಂತು ಎಂದು ಅನುಮಾನವಾಯಿತು. ಅರ್ಜಿಯಲ್ಲಿ ನಾನು ಬರೆದದ್ದು ಇಷ್ಟೇ: ವಯಸ್ಸು ಐವತ್ತೆರಡು, ನೀರಿನ ಪರೀಕ್ಷಾಲಯದಲ್ಲಿ ವಿಶ್ಲೇಷಕಿ, ಈ ಕಾಲೇಜಿನ ಚಿಂತಕರ ಬಗ್ಗೆ ಆಸಕ್ತಿ. ದೊಡ್ಡಮ್ಮನ ವಿಷಯ ಬರೆದಿರಲಿಲ್ಲ.

ಕಾಲೇಜಿಗೆ ನೂರ ಅರವತ್ತು ವರ್ಷ. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಮನೆಗೆ ಹೋದ ಮೇಲೆ ದೊಡ್ಡವರಿಗೆಂದು ಒಂದು ವಾರದ ವಸತಿ ಶಿಬಿರ ನಡೆಸುತ್ತಾರೆ. ಇಲ್ಲಿ ಪಾಠ ಹೇಳಿ ಹೆಸರು ಮಾಡಿದ ಐವರು ಚಿಂತಕರು, ದಿನಕ್ಕೊಬ್ಬರು. ಬುಧವಾರದವರು ಬಾವಿ ಮೇಷ್ಟ್ರು. ಅವರಿಗಾಗಿಯೇ ನಾನು ಬಂದದ್ದು.

೧೯೬೧ರಿಂದ ೧೯೮೩ರವರೆಗೆ, ಇಪ್ಪತ್ತೆರಡು ವರ್ಷ, ದಿನವೂ ಬೆಳಿಗ್ಗೆ ಆರು ಗಂಟೆಗೆ ಅಂಗಳದ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದಿಟ್ಟದ್ದರಿಂದ ಮೇಷ್ಟ್ರಿಗೆ ಆ ಹೆಸರು. ಅಳತೆಯಲ್ಲಿ ಅವರು ಕಂಡದ್ದು ಒಂದು ವಿಚಿತ್ರ. ಹದಿಮೂರು ವರ್ಷ ಒಂದು ಮಟ್ಟದ ಸುತ್ತ ಏರಿಳಿಯುತ್ತಿದ್ದ ನೀರು ೧೯೭೪ರಲ್ಲಿ ಒಮ್ಮೆಗೇ ಕೆಳಗಿಳಿಯಿತು, ಮತ್ತೆ ಆ ಮಟ್ಟಕ್ಕೆ ಬರಲೇ ಇಲ್ಲ. ಇದರ ಮೇಲೆ ಅವರು ಒಂದು ಪುಸ್ತಕವನ್ನೇ ಕಟ್ಟಿದರು. ಭೂಮಿಯ ನೀರಾಗಲಿ, ಜನರ ನಡುವಿನ ವಿಶ್ವಾಸವಾಗಲಿ, ಸವೆದು ಸವೆದು ಕಡಿಮೆಯಾಗುವುದಿಲ್ಲ. ಇಳಿಜಾರಿನಂತಲ್ಲ, ಮೆಟ್ಟಿಲಿನಂತೆ, ಸೂಚನೆ ಕೊಡದೆ ಒಂದೇ ಸಲ ಇಳಿಯುತ್ತದೆ, ಇಳಿದದ್ದು ಮರಳುವುದಿಲ್ಲ. ಪುಸ್ತಕ ಬಂದದ್ದು ೧೯೮೧ರಲ್ಲಿ. ಮೆಟ್ಟಿಲು ವಾದ ಎಂದರೆ ಇಂದಿಗೂ ಓದಿದವರು ಹೌದೆಂದು ತಲೆಯಾಡಿಸುತ್ತಾರೆ.

ನನ್ನ ದೊಡ್ಡಮ್ಮ ಈ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು, ಓದಿಸಿದವಳು. ನಾನು ಚಿಕ್ಕವಳಿದ್ದಾಗ ಅವಳು ಬೆಳಿಗ್ಗೆ ಐದೂವರೆಗೇ ಮನೆ ಬಿಡುತ್ತಿದ್ದಳು. ಎಲ್ಲಿಗೆ ಎಂದರೆ, "ಬಾವಿ ಅಳೆಯೋಕೆ" ಎನ್ನುತ್ತಿದ್ದಳು. ಬಲ ಅಂಗೈಯಲ್ಲಿ ಹಗ್ಗ ಉಜ್ಜಿ ದಡ್ಡುಗಟ್ಟಿದ ಗುರುತು ಈಗಲೂ ಇದೆ. ಅವಳಿಗೆ ಈಗ ಎಂಬತ್ತೊಂದು.

ಮಾರ್ಚಿನಲ್ಲಿ ಪತ್ರಿಕೆಯಲ್ಲಿ ಓದಿದೆ: ಶಿಬಿರದ ಕೊನೆಯ ದಿನ ಬಾವಿಯ ಪಕ್ಕ ಕಲ್ಲಿನ ಫಲಕ ನಿಲ್ಲಿಸುತ್ತಾರಂತೆ, "ಇಪ್ಪತ್ತೆರಡು ವರ್ಷ ಸ್ವಹಸ್ತದಿಂದ ಅಳೆದ ಮಹನೀಯರ ನೆನಪಿಗೆ" ಎಂದು. ಸ್ವಹಸ್ತ ಎಂಬ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ದೊಡ್ಡಮ್ಮನ ಹೆಸರೂ ಅಲ್ಲಿ ಇರಬೇಕು ಎಂದು ನಿರ್ಧರಿಸಿ ಹೊರಟೆ.

"ಹೆಸರು ಗಿಸರು ಬೇಡ ಕಣೆ," ಎಂದಿದ್ದಳು ದೊಡ್ಡಮ್ಮ. "ಹೋಗೋದಾದ್ರೆ ಊಟ ಮಾಡ್ಕೊಂಡು, ಭಾಷಣ ಕೇಳ್ಕೊಂಡು ಬಾ. ಆ ಬಾವಿ ಕಟ್ಟೆ ಹತ್ರ ಮಾತ್ರ ಹೋಗ್ಬೇಡ. ಹಳೇದು."

ಹಳೆಯ ಕಟ್ಟೆಗೆ ಯಾರಾದರೂ ಅಷ್ಟು ಹೆದರುತ್ತಾರೆಯೇ? ಆಗ ನಾನು ಅದನ್ನು ಮುದುಕಿಯ ಕಾಳಜಿ ಎಂದುಕೊಂಡೆ.

ಕೋಣೆಯ ಇನ್ನೊಂದು ಮಂಚಕ್ಕೆ ನಾಲ್ಕೂಕಾಲಿಗೆ ಬಂದವರು ನಿವೃತ್ತ ನರ್ಸಮ್ಮ. ಬಂದವರೇ ಚಪ್ಪಲಿಯನ್ನು ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದರು.

"ಚಿಂತಕರ ಶಿಬಿರ ಅಂದ್ಮೇಲೆ ಚಪ್ಪಲಿ ಜೋಪಾನ. ಚಿಂತೆ ಮಾಡೋರು ಯಾರ ಚಪ್ಪಲಿ ಮೆಟ್ಕೊಂಡು ಹೋಗ್ತಾರೆ ಅಂತ ಅವರಿಗೇ ಗೊತ್ತಿರಲ್ಲ," ಎಂದರು. ಆಮೇಲೆ ನನ್ನ ಮೇಜಿನ ಮೇಲಿದ್ದ ಉಕ್ಕಿನ ಟೇಪನ್ನು ನೋಡಿ, "ಇದ್ಯಾಕೆ? ಮಂಚ ಅಳೀತೀರಾ?" ಎಂದರು. ನಾನು ಟೇಪನ್ನು ಚೀಲಕ್ಕೆ ಸೇರಿಸಿದೆ. ಅವರು ಮತ್ತೆ ಕೇಳಲಿಲ್ಲ, ಆದರೆ ಮರೆಯಲೂ ಇಲ್ಲ.

ಬುಧವಾರ ಬೆಳಿಗ್ಗೆ ಉಪನ್ಯಾಸ. ಮಧ್ಯಾಹ್ನ ಎರಡಕ್ಕೆ ನಾನು ಗ್ರಂಥಾಲಯದ ವಾಚನಾಲಯದಲ್ಲಿ ಬಾವಿ ಮೇಷ್ಟ್ರ ಅಳತೆ ಪುಸ್ತಕ ಕೇಳಿದೆ. ಗ್ರಂಥಪಾಲಕರು ಕನ್ನಡಕದ ಮೇಲಿನಿಂದ ನೋಡಿದರು.

"ಯಾವ ವರ್ಷದ್ದು?"

"ಎಪ್ಪತ್ನಾಲ್ಕು."

ಅವರು ಕೂಡಲೇ ಎದ್ದು ಹೋಗಲಿಲ್ಲ. ರಿಜಿಸ್ಟರಿನಲ್ಲಿ ನನ್ನ ಹೆಸರು, ಕೋಣೆ ಸಂಖ್ಯೆ ಬರೆಸಿಕೊಂಡರು. ಪುಟದ ಮೇಲ್ಗಡೆಯ ಸಾಲುಗಳು ನನ್ನ ಕಣ್ಣಿಗೆ ಬಿದ್ದವು. ಅದೇ ಸಂಪುಟವನ್ನು ಕಳೆದ ಎರಡು ತಿಂಗಳಲ್ಲಿ ಮೂರು ಸಲ ಒಬ್ಬರೇ ತೆಗೆಸಿಕೊಂಡಿದ್ದರು: ಶಿಬಿರದ ನಿರ್ದೇಶಕರು.

ಪುಸ್ತಕ ತೆರೆದೆ. ಜನವರಿಯಿಂದ ಡಿಸೆಂಬರಿನವರೆಗೆ ಪ್ರತಿ ಅಂಕಿಯೂ ಒಂದೇ ಕೈಯದು, ಬಲಕ್ಕೆ ಬಾಗಿದ ಮೇಷ್ಟ್ರ ಅಕ್ಷರ. ದೊಡ್ಡಮ್ಮನ ಗುಂಡು ಅಕ್ಷರ ಒಂದೂ ಇಲ್ಲ. ಬೇರೆ ವರ್ಷಗಳನ್ನೂ ತರಿಸಿ ನೋಡಿದೆ. ಇಲ್ಲ. ಅವಳು ಬರೆದುಕೊಟ್ಟ ಚೀಟಿಯಿಂದ ಮೇಷ್ಟ್ರು ನಕಲು ಮಾಡಿಕೊಂಡಿರಬಹುದು. ಅಥವಾ ನನ್ನ ದೊಡ್ಡಮ್ಮ ಮಕ್ಕಳ ಮುಂದೆ ದೊಡ್ಡಸ್ತಿಕೆಗೆ ಒಂದು ಕಥೆ ಹೇಳಿರಬಹುದು. ನನ್ನನ್ನು ಸಾಕಿದವಳ ಮೇಲೆಯೇ ಅನುಮಾನ ಬಂತಲ್ಲ ಎಂದು ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

ಪರೀಕ್ಷಾಲಯದಲ್ಲಿ ನಮಗೊಂದು ಅಭ್ಯಾಸವಿದೆ. ಒಬ್ಬರ ಬದಲು ಇನ್ನೊಬ್ಬರು ಓದಿದ ಅಳತೆ ಎಂದು ಶಂಕೆ ಬಂದರೆ ಅಕ್ಷರ ನೋಡುವುದಿಲ್ಲ, ಕೊನೆಯ ಅಂಕಿ ನೋಡುತ್ತೇವೆ. ಪ್ರತಿ ಕಣ್ಣಿಗೂ ಅದರದೇ ಚಟವಿರುತ್ತದೆ. ಗುರುವಾರ ಇಡೀ ಮಧ್ಯಾಹ್ನ ಕೂತು ೧೯೭೪ರ ಕೊನೆಯ ಅಂಕಿಗಳನ್ನು ಎಣಿಸಿದೆ. ಜನವರಿಯಿಂದ ಜೂನ್ ಕೊನೆಯವರೆಗಿನ ನೂರ ಎಂಬತ್ತೊಂದು ಅಳತೆಗಳಲ್ಲಿ ಸೊನ್ನೆ ಅಥವಾ ಐದರಿಂದ ಮುಗಿದವು ಮೂವತ್ತೇಳು. ಉಳಿದವು ಒಂದರಿಂದ ಒಂಬತ್ತರವರೆಗೆ ಹರಡಿದ್ದವು. ಜುಲೈ ಒಂದರಿಂದ ವರ್ಷದ ಕೊನೆಯವರೆಗಿನ ನೂರ ಎಂಬತ್ತನಾಲ್ಕರಲ್ಲಿ ಅಷ್ಟೂ ಸೊನ್ನೆ ಅಥವಾ ಐದರಿಂದ ಮುಗಿದಿದ್ದವು.

ಅಳೆಯುವ ಹಗ್ಗಕ್ಕೆ ಐದೈದು ಸೆಂಟಿಮೀಟರಿಗೆ ಒಂದು ಗೆರೆ ಇತ್ತೆಂದು ಮೇಷ್ಟ್ರ ಪುಸ್ತಕದಲ್ಲೇ ಇದೆ. ಜೂನ್ ಮುಗಿಯುವವರೆಗೆ ಓದಿದ ಕಣ್ಣು ಎರಡು ಗೆರೆಗಳ ನಡುವಿನದನ್ನೂ ಅಂದಾಜಿಸುತ್ತಿತ್ತು. ಜುಲೈಯಿಂದ ಓದಿದ ಕಣ್ಣು ಹತ್ತಿರದ ಗೆರೆಯನ್ನೇ ಹೇಳುತ್ತಿತ್ತು. ಬರೆದ ಕೈ ಯಾರದ್ದಾದರೂ ಆಗಲಿ, ಹಗ್ಗ ಹಿಡಿದ ಕೈ ಜುಲೈ ಒಂದರಂದು ಬದಲಾಗಿತ್ತು. ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ.

ಖುಷಿಯಿಂದ ಪೆನ್ನು ಮುಚ್ಚಬೇಕೆನ್ನುವಷ್ಟರಲ್ಲಿ ಆ ಎರಡು ದಿನಗಳ ಅಳತೆ ಅಕ್ಕಪಕ್ಕ ಕಂಡಿತು. ಜೂನ್ ಮೂವತ್ತು, ನೀರು ೬೧೨ ಸೆಂಟಿಮೀಟರ್ ಕೆಳಗೆ. ಜುಲೈ ಒಂದು, ೬೮೫.

ಕೈ ಬದಲಾದ ದಿನವೇ ನೀರು ಇಳಿದಿತ್ತು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ನರ್ಸಮ್ಮನನ್ನು ಕರೆದುಕೊಂಡು ಬಾವಿಗೆ ಹೋದೆ. ವಿಷಯ ಹೇಳಲೇಬೇಕಾಯಿತು.

"ಅಂತೂ ಟೇಪಿಗೆ ಕೆಲಸ ಬಂತು," ಎಂದರು ಅವರು. "ಬಗ್ಗಿ. ನಾನು ಸೊಂಟ ಹಿಡ್ಕೋತೀನಿ. ಬಿದ್ರೆ ಇಬ್ರೂ ಬೀಳೋಣ, ಹತ್ತು ಗಂಟೆ ಭಾಷಣನಾದ್ರೂ ತಪ್ಪುತ್ತೆ."

ಮೇಷ್ಟ್ರ ಪುಸ್ತಕದ ಪ್ರಕಾರ ಅಳತೆಯ ಆರಂಭ "ನೆಲಮಟ್ಟದ ಮೊಳೆ". ಅದು ಎಲ್ಲಿದೆ ಎಂದು ಉಪನ್ಯಾಸದಲ್ಲಿ ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ಹೊಟ್ಟೆ ಊರಿ, ತಲೆ ಒಳಗೆ ಇಳಿಸಿದ ಮೇಲೆ ಕಂಡಿತು. ಕಟ್ಟೆಯ ಒಳಮೈಯಲ್ಲಿ, ಹೊರಗಿನ ನೆಲದ ಮಟ್ಟಕ್ಕೆ, ಪಾಚಿ ಹಿಡಿದ ಹಿತ್ತಾಳೆ ಮೊಳೆ. ಮೇಷ್ಟ್ರು ಆರಡಿಯ ಆಳು. ಬಗ್ಗಿ ಆ ಮೊಳೆಗೆ ಹಗ್ಗ ತಾಗಿಸಿ ಓದುತ್ತಿದ್ದರು. ದೊಡ್ಡಮ್ಮ ನನ್ನ ಭುಜಕ್ಕೂ ಬರುವುದಿಲ್ಲ. ಬಗ್ಗಿದರೂ ಅವಳಿಗೆ ಆ ಮೊಳೆ ಕಾಣುವಂತಿರಲಿಲ್ಲ. ಕಟ್ಟೆಯ ಅಂಚಿಗೆ ಹಗ್ಗ ತಾಗಿಸಿ ಓದಿದ್ದಾಳೆ. ಹಾಗೆ ಓದಿದರೆ ಕಟ್ಟೆಯ ಎತ್ತರವೂ ಆಳಕ್ಕೆ ಸೇರುತ್ತದೆ. ನೀರು ಇಳಿದಿರಲೇ ಇಲ್ಲ.

ಟೇಪು ಇಳಿಬಿಟ್ಟು ಎರಡು ಸಲ ಅಳೆದೆ. ಅಂಗೈ ಮೇಲೆ ಬರೆದುಕೊಂಡೆ. ಮೊಳೆಯ ಪಕ್ಕ ಇನ್ನೊಂದು ಗುರುತು ಕಣ್ಣಿಗೆ ಬಿತ್ತು: ಪಾಚಿ ಕೆರೆದು ಎಳೆದ ಒಂದು ಸೀಸದಕಡ್ಡಿಯ ಗೆರೆ. ಅದು ಹಳೆಯದಲ್ಲ.

"ಏನ್ ಮಾಡ್ತಿದ್ದೀರಿ ಇಲ್ಲಿ?"

ನಿರ್ದೇಶಕರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬೀಗದ ಗೊಂಚಲು. ನರ್ಸಮ್ಮ ನನ್ನ ಸೊಂಟ ಬಿಡದೆಯೇ, "ಗಾಳಿ ಸೇವಿಸ್ತಿದ್ದೀವಿ ಸಾರ್," ಎಂದರು.

ಅವರು ನಗಲಿಲ್ಲ. ನನ್ನೊಬ್ಬಳನ್ನೇ ಕಚೇರಿಗೆ ಕರೆದರು. ಬಾಗಿಲು ಹಾಕಿ ಕೂತರು.

"ಗ್ರಂಥಪಾಲಕರು ಹೇಳಿದ್ರು, ನೀವು ಎರಡು ದಿನದಿಂದ ಒಂದೇ ಸಂಪುಟ ನೋಡ್ತಿದ್ದೀರಿ ಅಂತ. ಯಾರ ಕಡೆಯವರು ನೀವು?"

ದೊಡ್ಡಮ್ಮನ ವಿಷಯ ಹೇಳಿದೆ. ಕೊನೆಯ ಅಂಕಿಗಳ ವಿಷಯ ಹೇಳಿದೆ. ಮೊಳೆಯನ್ನೂ ಅಂಚನ್ನೂ ಹೇಳಿದೆ. ಅಳತೆ ಮಾತ್ರ ಹೇಳಲಿಲ್ಲ, ಅಂಗೈ ಮುಚ್ಚಿಕೊಂಡಿದ್ದೆ.

"ಅರ್ಜಿಯಲ್ಲಿ ಇದನ್ನ ಬರೀಲಿಲ್ಲ ನೀವು."

"ಬರೆದಿದ್ರೆ ಸೀಟು ಕೊಡ್ತಿದ್ರಾ ಸಾರ್?"

ಅವರು ಕಿಟಕಿಯ ಕಡೆ ನೋಡಿದರು. "ನೋಡಿ, ಯಾರು ಹಗ್ಗ ಹಿಡಿದ್ರು ಅನ್ನೋದು ಸಣ್ಣ ವಿಷಯ. ಎಪ್ಪತ್ಮೂರೋ ಎಪ್ಪತ್ಮೂರೂವರೆಯೋ, ಅದನ್ನ ಕಟ್ಕೊಂಡು ನಿಮಗೇನಾಗ್ಬೇಕು?"

ಅಳತೆಗಳಲ್ಲಿದ್ದ ವ್ಯತ್ಯಾಸ ಎಪ್ಪತ್ತಮೂರು. ಮೇಲಿನ ಆ ಅರ್ಧ ಸೆಂಟಿಮೀಟರ್ ಕಟ್ಟೆಯನ್ನೇ ಅಳೆದವರಿಗೆ ಮಾತ್ರ ಗೊತ್ತಿರುವಂಥದ್ದು. ನಾನು ಅವರ ಮುಖವನ್ನೇ ನೋಡಿದೆ. ಅವರಿಗೂ ತಿಳಿಯಿತು, ತಾವು ಏನು ಹೇಳಿಬಿಟ್ಟೆವೆಂದು. ಸ್ವಲ್ಪ ಹೊತ್ತು ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ಸರಿಸಿದರು.

"ಫಲಕದಲ್ಲಿ ನಿಮ್ಮ ದೊಡ್ಡಮ್ಮನ ಹೆಸರು ಸೇರಿಸ್ತೀನಿ," ಎಂದರು. "ಸ್ವಹಸ್ತ ತೆಗೆಸ್ತೀನಿ. ಕೆತ್ತೋನಿಗೆ ಈಗಲೇ ಹೇಳಿದ್ರೆ ನಾಳೆ ಹನ್ನೊಂದಕ್ಕೆ ಆಗುತ್ತೆ. ಆದ್ರೆ ನಿಮ್ಮ ಪುಟದಲ್ಲಿ ಕಟ್ಟೆ ವಿಷಯ ಬರಬಾರದು."

ನಮ್ಮ ಪುಟ ಎಂದರೆ ಈ ಶಿಬಿರದ ಹಳೆಯ ಪದ್ಧತಿ. ಮುಗಿಯುವ ದಿನ ಪ್ರತಿಯೊಬ್ಬರೂ ತಾವು ಕಂಡುಕೊಂಡದ್ದನ್ನು ಶಾಯಿಯಲ್ಲಿ ಒಂದು ಪುಟ ಬರೆದು ಸಹಿ ಹಾಕಿ ಕೊಡಬೇಕು. ಎಲ್ಲ ಪುಟಗಳನ್ನೂ ಹೊಲಿದು ಗ್ರಂಥಾಲಯದಲ್ಲಿ ಇಡುತ್ತಾರೆ. ಅದರಲ್ಲಿ ಅಕ್ಷರ ತಿದ್ದುವ ಅಧಿಕಾರ ಪ್ರಾಂಶುಪಾಲರಿಗೂ ಇಲ್ಲ. ಬಾವಿ ಮೇಷ್ಟ್ರೇ ಮಾಡಿದ ನಿಯಮವಂತೆ ಅದು. ನಿರ್ದೇಶಕರು ಕೇಳಬಹುದಿತ್ತು ಅಷ್ಟೇ, ತಡೆಯುವಂತಿರಲಿಲ್ಲ.

ಹತ್ತೂಕಾಲಿಗೆ, ಉಪನ್ಯಾಸ ಬಿಟ್ಟು, ಮೆಟ್ಟಿಲ ಕೆಳಗೆ ನಿಂತು ದೊಡ್ಡಮ್ಮನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಕಟ್ಟೆ ಹತ್ರ ಹೋಗ್ಬೇಡ ಅಂದಿದ್ನಲ್ಲೇ."

"ನಿಂಗೆ ಗೊತ್ತಿತ್ತಾ ದೊಡ್ಡಮ್ಮ?"

"ಮೊದಲು ಗೊತ್ತಿರಲಿಲ್ಲ. ಮೇಷ್ಟ್ರಿಗೆ ಬೆನ್ನು ಹಿಡ್ಕೊಂಡಿತ್ತು. ಹಗ್ಗ ಕೈಗೆ ಕೊಟ್ಟು ನಾಳೆಯಿಂದ ನೀನೇ ಅಳಿ ಅಂದ್ರು. ಎಲ್ಲಿಂದ ಅಳಿಬೇಕು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ದಿನಾ ಚೀಟಿ ಬರೆದು ಕೊಡ್ತಿದ್ದೆ. ಎಂಬತ್ತೆರಡರಲ್ಲಿ ಹೂಳು ತೆಗೆಯೋಕೆ ಇಳಿದೋನು ಮೊಳೆ ತೋರಿಸ್ದ."

"ಆಗ ಮೇಷ್ಟ್ರಿಗೆ ಹೇಳಲಿಲ್ವಾ?"

"ಪುಸ್ತಕ ಆಗ್ಲೇ ಬಂದಿತ್ತು. ಅದೇ ತಿಂಗಳು ನನ್ನ ಕೆಲಸ ಖಾಯಂ ಮಾಡಿಸೋಕೆ ಅವರು ಕಾಗದ ಹಾಕಿದ್ರು. ನೀನು ಐದನೇ ಕ್ಲಾಸು. ಹೇಗೆ ಹೇಳ್ಲಿ?"

"ಆಮೇಲಾದ್ರೂ ಮೊಳೆಯಿಂದ ಅಳೀಬಹುದಿತ್ತಲ್ಲ."

ದೊಡ್ಡಮ್ಮ ನಕ್ಕಳು, ಒಣ ನಗು. "ಅಳೆದಿದ್ರೆ ನೀರು ಮೇಲೆ ಬಂದುಬಿಡ್ತಿತ್ತಲ್ಲೇ. ಇಳಿದದ್ದು ಮರಳೋದಿಲ್ಲ ಅಂತ ಅವರು ಊರೂರಿಗೆ ಹೋಗಿ ಭಾಷಣ ಮಾಡ್ತಿದ್ರು."

ಇನ್ನೂ ಒಂದು ವರ್ಷ ಅವಳು ಗೊತ್ತಿದ್ದೇ ಅಂಚಿನಿಂದ ಅಳೆದಿದ್ದಳು. ನನ್ನ ಶಾಲೆ ಆ ವರ್ಷದ ಮೇಲೆ ನಿಂತಿತ್ತು. ಅವಳ ಮೇಲೆ ಸಿಟ್ಟು ಬರಬೇಕೋ, ನನ್ನ ಮೇಲೆಯೋ, ತಿಳಿಯಲಿಲ್ಲ.

"ನಿರ್ದೇಶಕರು ಹೆಸರು ಹಾಕ್ತಾರಂತೆ," ಎಂದೆ. "ನಾನು ಬಾಯಿ ಮುಚ್ಕೊಂಡ್ರೆ."

"ನಾನೂ ಹಾಗೇ ಬಾಯಿ ಮುಚ್ಕೊಂಡು ಖಾಯಂ ಆದೋಳು. ಈಗ ನೀನೂ ಅದನ್ನೇ ಮಾಡ್ತೀಯಾ?" ಎಂದಳು. "ಬರೀ ನನ್ನ ಹೆಸರು ಕಲ್ಲಲ್ಲಿ ಹಾಕ್ಸಿದ್ರೆ ಅದನ್ನ ನೋಡೋಕೆ ನಾನು ಬರಲ್ಲ. ಬರೆಯೋದಾದ್ರೆ ಅಳೆದೋಳು ನಾನು ಅಂತಲೂ ಬರಿ, ತಪ್ಪು ಅಳೆದೋಳು ನಾನು ಅಂತಲೂ ಬರಿ. ಗೊತ್ತಾದ ಮೇಲೂ ಅಳೆದೆ ಅನ್ನೋದನ್ನೂ ಬಿಡಬೇಡ."

ಶನಿವಾರ ಬೆಳಿಗ್ಗೆ ಹತ್ತೂ ಐವತ್ತಕ್ಕೆ ಎಲ್ಲರೂ ಬಾವಿಯ ಸುತ್ತ ಸೇರಿದ್ದರು. ಫಲಕಕ್ಕೆ ಬಿಳಿ ಬಟ್ಟೆ ಮುಚ್ಚಿತ್ತು. ಅದರ ಕೆಳಗೆ ಒಂದು ಹೆಸರಿದೆಯೋ ಎರಡೋ ಎಂದು ನಾನು ಕೇಳಲಿಲ್ಲ, ನಿರ್ದೇಶಕರೂ ಹೇಳಲಿಲ್ಲ. ನನ್ನ ಪುಟ ಅವರ ಕೈಗೆ ಕೊಟ್ಟೆ. ನಿಂತಲ್ಲೇ ಓದಿದರು. ಓದಿ, ಮೇಲಿನಿಂದ ಮತ್ತೆ ಓದಿದರು. ಆಮೇಲೆ ಉಳಿದ ಇಪ್ಪತ್ತೊಂದು ಪುಟಗಳ ಜೊತೆ ಅದನ್ನೂ ಸೇರಿಸಿ ದಾರ ಕಟ್ಟಿದರು.

"ಕಟ್ಟಿದ್ರು," ಎಂದರು ನರ್ಸಮ್ಮ ನನ್ನ ಕಿವಿಯಲ್ಲಿ. "ನಾನು ಕಣ್ಣು ಕೀಳದೆ ನೋಡ್ತಿದ್ದೆ."

ಪುಟದಲ್ಲಿ ನಾನು ಬರೆದದ್ದು ಹದಿನಾಲ್ಕು ಸಾಲು. ಅಳೆದವರು ಯಾರು, ಯಾವ ದಿನದಿಂದ, ಎಲ್ಲಿಂದ, ಯಾವಾಗ ತಪ್ಪು ತಿಳಿಯಿತು, ತಿಳಿದ ಮೇಲೆ ಎಷ್ಟು ದಿನ ಅದು ಮುಂದುವರಿಯಿತು, ಯಾರಿಗಾಗಿ. ಕೊನೆಯ ಸಾಲು ಹೀಗಿದೆ. ಮೊಳೆಯಿಂದ ಕಟ್ಟೆಯ ಅಂಚಿಗೆ, ಉಕ್ಕಿನ ಟೇಪಿನಲ್ಲಿ, ಎರಡು ಸಲ ಅಳೆದದ್ದು: ೭೩.೫ ಸೆಂಟಿಮೀಟರ್.