ಸಾಹುಕಾರನನ್ನು ನಡೆಸಿದ ಚಿಪ್ಪು

ನಾನು ಒಂದು ತೆಂಗಿನ ಚಿಪ್ಪು. ಮೈಸೂರಿನ ಒಂದು ವಠಾರದಲ್ಲಿ, ಚೆಲುವಾಜಮ್ಮ ಎಂಬ ಅಜ್ಜಿ ಚಟ್ನಿಗೆಂದು ಕಾಯಿ ಒಡೆದ ದಿನ ಹುಟ್ಟಿದೆ. ನನ್ನ ಜೊತೆ ಹುಟ್ಟಿದ ಇನ್ನರ್ಧ ಅಂದೇ ಬಚ್ಚಲಿನ ಹಂಡೆಯೊಲೆಗೆ ಹೋಯಿತು. ನಾನು ಒಲೆಯ ಪಕ್ಕ ನನ್ನ ಸರದಿಗೆ ಕಾಯುತ್ತಾ ಕುಳಿತೆ.

ಅಲ್ಲೇ ಅಜ್ಜಿಯ ಬೆಕ್ಕು ಸಾಹುಕಾರ ಮಲಗುತ್ತಿದ್ದ. ಅವನು ಎದ್ದು ಹೋದರೆ ಮಾತ್ರ ಬಚ್ಚಲಿಗೆ ಬೆಳಕು! ವಠಾರದ ನಾಲ್ಕು ಮನೆಯವರೂ 'ಪಾಪ, ಹಸಿದಿದೆ' ಎಂದು ಹಾಲನ್ನ ಹಾಕಿ ಹಾಕಿ ಅವನನ್ನು ಹೀಗೆ ಊದಿಸಿದ್ದರು. ಕಿಟಕಿ ಹತ್ತುವುದಿರಲಿ, ತನ್ನ ಬೆನ್ನು ತಾನು ನೆಕ್ಕಲಾಗದೆ ಅವನ ಕೂದಲು ಗಂಟು ಕಟ್ಟಿತ್ತು.

"ಉಪವಾಸವೇ ಮದ್ದು ಕಣೋ ನಿಂಗೆ. ನಾನು ಏಕಾದಶಿ ಮಾಡಲ್ವಾ?" ಎಂದು ಅಜ್ಜಿ ಒಂದು ಏಕಾದಶಿಯಂದು ಅವನ ತಟ್ಟೆಯನ್ನು ಬೋರಲು ಹಾಕಿದರು. ವಠಾರಕ್ಕೆಲ್ಲ ಕಟ್ಟಪ್ಪಣೆಯಾಯಿತು. ಮರುದಿನ ತಾವು ಊಟ ಮಾಡಿದರು. ಅವನಿಗೆ ಇನ್ನೊಂದು ದಿನ ಇರಲಿ ಎಂದರು. ಮೂರನೆಯ ದಿನ ಅನ್ನವಿಟ್ಟರೆ ಸಾಹುಕಾರ ಮೂಸಿಯೂ ನೋಡಲಿಲ್ಲ. ವಾಂತಿ ಮಾಡಿಕೊಂಡು ತಲೆಯನ್ನು ನೆಲಕ್ಕಿಟ್ಟ. ಗಂಡ ಹೋದ ಮೇಲೆ ಆ ಮನೆಯಲ್ಲಿ ಅಜ್ಜಿಯ ಮಾತಿಗೆ ಓಗೊಡುತ್ತಿದ್ದವನು ಅವನೊಬ್ಬನೇ.

ತರಕಾರಿ ಚೀಲದಲ್ಲಿ ಅವನನ್ನು ಹೊತ್ತು ದನದ ಆಸ್ಪತ್ರೆಗೆ ಓಡಿದರು. ನಾಲ್ಕು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡು ಬಂದರು.

"ದಪ್ಪ ಬೆಕ್ಕನ್ನ ಉಪವಾಸ ಕೆಡವಿದ್ರೆ ಲಿವರ್ರೇ ಕೆಡುತ್ತಂತೆ ಕಣ್ರೇ. ಡಾಕ್ಟರಮ್ಮ ಉಗಿದು ಉಪ್ಪಿನಕಾಯಿ ಹಾಕಿದ್ರು. ಅಳತೆ ಮಾಡಿ ಹಾಕ್ಬೇಕಂತೆ, ನಿಧಾನಕ್ಕೆ ಇಳಿಸ್ಬೇಕಂತೆ."

"ಹಂಗಾದ್ರೆ ನಾವ್ಯಾರೂ ಏನೂ ಹಾಕೋ ಹಂಗಿಲ್ವಾ ಅಜ್ಜಿ?" ಎಂದರು ಎದುರುಮನೆಯ ತುಂಗಾಬಾಯಿ.

"ಹಾಕಿ, ಇದರಲ್ಲಿರೋದನ್ನೇ ಹಾಕಿ," ಎಂದು ಅಜ್ಜಿ ನನ್ನನ್ನು ಎತ್ತಿಕೊಂಡರು. "ನಿಮ್ಮ ತುಪ್ಪದ ಅನ್ನ ನಿಮ್ಮ ಯಜಮಾನ್ರಿಗಿರ್ಲಿ. ಅವರೂ ಇವನ ಹಂಗೇ ಆದ್ಮೇಲೆ ಇನ್ನೊಂದು ಚಿಪ್ಪು ಹುಡುಕೋಣ!"

ಅಂದಿನಿಂದ ಡಾಕ್ಟರಮ್ಮ ಹೇಳಿದ, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ತಿಂಡಿಯ ಕಾಳು, ಒಂದು ದಿನದ್ದಷ್ಟೂ, ನನ್ನೊಳಗೆ. ಅಳತೆಗೆ ಒಳಗೊಂದು ಇದ್ದಿಲ ಗೆರೆ. ಡಾಕ್ಟರಮ್ಮ ಹೇಳಿದಾಗ ಮಾತ್ರ ಅದು ಚೂರು ಕೆಳಗಿಳಿಯುತ್ತಿತ್ತು. ದಿನವಿಡೀ ನಾನು ಮನೆಯಿಂದ ಮನೆಗೆ, ಕೈಯಿಂದ ಕೈಗೆ ಹೋದೆ. ಪ್ರತಿ ಹೊಸ್ತಿಲಲ್ಲೂ ಒಂದಿಷ್ಟು ಕಾಳು. ಸಾಹುಕಾರ ತೇಕುತ್ತಾ ನನ್ನ ಹಿಂದೆ. ಮೊದಮೊದಲು ಎರಡು ಹೊಸ್ತಿಲಿಗೇ ಕಾಶಿಗೆ ನಡೆದು ಬಂದವನಂತೆ ಕುಸಿಯುತ್ತಿದ್ದ.

ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು. ಸಾಹುಕಾರ ಕೆಳಗೆ ಕುಳಿತು ಬಹಳ ಹೊತ್ತು ಮೇಲೆ ನೋಡಿದ. ಆಮೇಲೆ ನೆಗೆದ! ಅವನ ಮೈ ತಾಗಿ ನಾನು ಕಲ್ಲುಚಪ್ಪಡಿಯ ಮೇಲೆ ಬಿದ್ದು ಸೀಳು ಬಿಟ್ಟೆ.

"ಅಯ್ಯೋ ಕಳ್ಳಾ, ಹತ್ತಿಬಿಟ್ಯಲ್ಲೋ!"

ಅಜ್ಜಿಯ ಕೂಗಿಗೆ ವಠಾರವೇ ಓಡಿ ಬಂತು. ನನ್ನ ಕಡೆ ಯಾರೂ ನೋಡಲಿಲ್ಲ. ನನಗೂ ಬೇಸರವಾಗಲಿಲ್ಲ.

ಈಗ ಕಾಳಿಗೆ ಹೊಸ ಚಿಪ್ಪು ಬಂದಿದೆ. ನಾನು ಮತ್ತೆ ಹಂಡೆಯೊಲೆಯ ಪಕ್ಕದಲ್ಲಿದ್ದೇನೆ. ಒಲೆ ಹಚ್ಚುವಾಗ ಅಜ್ಜಿ ದಿನವೂ ನನ್ನನ್ನು ಕೈಗೆತ್ತಿಕೊಳ್ಳುತ್ತಾರೆ, ಸೀಳಿನ ಮೇಲೆ ಬೆರಳಾಡಿಸುತ್ತಾರೆ.

"ನೀನಿರು, ನಾಳೆ ನೋಡೋಣ" ಎಂದು ಅಲ್ಲೇ ಇಡುತ್ತಾರೆ. ಸಾಹುಕಾರ ಈಗ ಕಿಟಕಿಯ ಕಟ್ಟೆಯ ಮೇಲೆ ಮಲಗುತ್ತಾನೆ; ಅವನು ಮೊದಲು ಮಲಗುತ್ತಿದ್ದ ಜಾಗದಲ್ಲಿ ಬಿಸಿಲು ಬೀಳುತ್ತದೆ.