ಹೆಸರಿಲ್ಲದ ಐದನೆಯ ಹಾಡು

ಪ್ರೆಸ್ಟನ್‌ನ ಅಪ್ಪ ಬೆಲ್‌ವ್ಯೂನಲ್ಲಿ ಹಲ್ಲಿನ ಡಾಕ್ಟರ್. ಮನೆಯ ಹಿಂದೆ ಸರೋವರ, ಅದರಲ್ಲಿ ಸ್ವಂತ ದೋಣಿ. ಮಗ ಮಾತ್ರ ಸಿಯಾಟಲ್‌ನ ವೇದಿಕೆಗಳ ಮೇಲೆ ಅನ್ನ ಕಾಣದವನಂತೆ ನರಳಿ ಹಾಡುತ್ತಿದ್ದ. ಅವನು ಹೊಸ ಪ್ಯಾಂಟನ್ನು ಉಪ್ಪುಕಾಗದದಿಂದ ಉಜ್ಜಿ ಹರಿದುಕೊಳ್ಳುವುದನ್ನು, ಅವನ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುವ ಐಲಾ ಕಣ್ಣಾರೆ ಕಂಡಿದ್ದಳು. ಹೊಟ್ಟೆ ತುಂಬಿದವರಿಗೆ ಹಸಿವೂ ಒಂದು ಒಡವೆ.

ಆಗ ಬ್ಯಾಂಡ್ ಹುಡುಗರಿಗೆಲ್ಲ ಒಂದು ಹುಚ್ಚು: ಹಳೆಬಟ್ಟೆ ಅಂಗಡಿಯಲ್ಲಿ ಯಾವನೋ ಕೆಲಸಗಾರನ ಅಂಗಿ ಕೊಂಡು, ಎದೆಯ ಮೇಲೆ ಹೊಲಿದ ಅವನ ಹೆಸರಿನ ಸಮೇತ ತೊಡುವುದು. ಮರದ ಮಿಲ್ಲುಗಳ ಊರಾದ ಹೋಕ್ವಿಯಂಗೆ ಹಾಡಲು ಹೋದಾಗ ಪ್ರೆಸ್ಟನ್‌ಗೆ ‘ಆರ್ವೊ’ ಎಂಬ ಹೆಸರಿನ ಅಂಗಿ ಸಿಕ್ಕಿತು. ಅದನ್ನು ತೊಟ್ಟುಕೊಂಡೇ ಹಾಡು ಹೊಸೆದ. ಹಾಡಿನ ಆರ್ವೊ ಮರದ ಮಿಲ್ಲಿನ ಕುಡುಕ, ಮಗಳಿಗೆ ಬೆಲ್ಟಿನಲ್ಲಿ ಬಾರಿಸುತ್ತಾನೆ, ಕೊನೆಗೆ ಗರಗಸಕ್ಕೆ ಸಿಕ್ಕಿ ಸಾಯುತ್ತಾನೆ.

ಆ ಅಂಗಿ ಐಲಾಳ ಅಪ್ಪನದು. ಅವನು ದುಡಿಯುತ್ತಿದ್ದ ಮಿಲ್ಲು ಮುಚ್ಚಿದ ಮೇಲೆ ಅವಳ ಅಮ್ಮನೇ ಅಂಗಡಿಗೆ ಕೊಟ್ಟುಬಂದಿದ್ದಳು. ಅಪ್ಪ ಗಟ್ಟಿಮುಟ್ಟಾಗಿ ಬದುಕಿದ್ದ. ಕಾಫಿ ಬಿಟ್ಟು ಬೇರೇನೂ ಕುಡಿಯದವ, ಮಗಳನ್ನು ಗದರಿಸಲೂ ಬಾರದವ. ಈ ಹುಚ್ಚೂ ನಾಲ್ಕು ದಿನದ್ದು ಎಂದು ಐಲಾ ಸುಮ್ಮನಿದ್ದಳು. ಆದರೆ ಹಾಡು ಆಲ್ಬಂಗೇ ಸೇರಿತು. ಅಪ್ಪನ ಊರಾದ ಹೋಕ್ವಿಯಂಗೆ ಇದ್ದದ್ದು ಒಬ್ಬನೇ ಆರ್ವೊ. ನಾಳೆ ಅವನು ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

“ಹೆಸರು ಬದಲಾಯ್ಸು. ಅದು ನಮ್ಮಪ್ಪ,” ಎಂದಳು ಸ್ಟುಡಿಯೋದಲ್ಲಿ.

ಪ್ರೆಸ್ಟನ್‌ನ ಕಣ್ಣು ಹೊಳೆಯಿತು. “ಮೊದ್ಲೇ ಹೇಳ್ಬಾರ್ದಿತ್ತೇನೇ! ತುಂಬ ಹೊಡೀತಿದ್ನಾ?”

“ಒಂದಿನಾನೂ ಇಲ್ಲ ಕಣೋ.”

“ಅದನ್ನ ಯಾರ ಮುಂದೇನೂ ಬಾಯ್ಬಿಡ್ಬೇಡ. ಹಾಡು ಕೆಟ್ಟೋಗತ್ತೆ.”

ಕೋಣನ ಮುಂದೆ ಎಷ್ಟೆಂದು ಕಿನ್ನರಿ ಬಾರಿಸುವುದು? ಐಲಾ ಅಪ್ಪನಿಗೇ ಫೋನ್ ಮಾಡಿ ಕರೆಸಿದಳು.

ಆರ್ವೊ ಹೊಗೆಯಾಡಿಸಿದ ಮೀನಿನ ಪೊಟ್ಟಣ ಹಿಡಿದು ಬಂದ. ಪ್ರೆಸ್ಟನ್ ಓಡಿಹೋಗಿ ಅವನ ಕೈ ಹಿಡಿದುಕೊಂಡ. “ಸಾರ್, ನೀವು ಸತ್ಯ ಸಾರ್! ಅಪ್ಪಟ ಸತ್ಯ!”

ಆರ್ವೊ ಟೋಪಿ ತೆಗೆದು, ಕೂತು, ಹಾಡನ್ನು ಪೂರ್ತಿ ಕೇಳಿದ.

“ಮಗಳಿಗೆ ಹೊಡೆಯೋ ಈ ಮನುಷ್ಯ ಯಾರಪ್ಪ?”

“ಅದು ಕಲೆ ಸಾರ್. ನಿಜವಾಗಿ ಯಾರೂ ಅಲ್ಲ. ಹೆಸರಲ್ಲೇನಿದೆ?”

“ಹಂಗಾದ್ರೆ ನಿಮ್ಮಪ್ಪಂದು ಹಾಕು. ಏನು ಹೆಸ್ರು?”

“…ಗಾರ್ಡನ್.”

“ಚೆನ್ನಾಗಿದೆ. ಹಾಡು, ಕೇಳ್ತೀನಿ.”

ಪ್ರೆಸ್ಟನ್ ಮೈಕಿನಿಂದ ಹಿಂದೆ ಸರಿದ. ಸ್ಟುಡಿಯೋ ಬಾಡಿಗೆ ಕಟ್ಟುತ್ತಿದ್ದವನೂ ಆ ಗಾರ್ಡನ್ನೇ. “ಅಪ್ಪನ ಹತ್ರ ಪೇಷಂಟ್‌ಗಳು ಬರ್ತಾರೆ ಸಾರ್… ಊರಲ್ಲಿ ಮರ್ಯಾದೆ ಅಂತ ಒಂದಿದೆ…”

“ನಂಗೂ ಒಂದು ಊರಿದೆ ಮಗಾ,” ಎಂದ ಆರ್ವೊ.

ಡ್ರಮ್ಮಿನ ಹಿಂದೆ ಕೂತಿದ್ದವನು ಗೊಳ್ಳೆಂದು ನಕ್ಕುಬಿಟ್ಟ. ಯಾವುದೋ ಸುಳ್ಳು ಹೆಸರು ಹಾಕಲು ಪ್ರೆಸ್ಟನ್‌ನ ‘ಸತ್ಯ’ ಒಪ್ಪಲಿಲ್ಲ. ಮುನಿಸಿಕೊಂಡು ಇಡೀ ಸಾಹಿತ್ಯವನ್ನೇ ಅಳಿಸಿಹಾಕಿದ. ಉಳಿದದ್ದು ಐಲಾಳ ಬಾಸ್ ಮತ್ತು ಡ್ರಮ್ಮು, ಅಷ್ಟೇ.

ಆಲ್ಬಂ ಬಂತು. ಸಾಹಿತ್ಯವೂ ಹೆಸರೂ ಇಲ್ಲದ ಆ ಐದನೆಯ ಹಾಡು ಮಾತಿಗೆ ನಿಲುಕದ ನೋವು ಎಂದು ಪತ್ರಿಕೆಯ ಪಂಡಿತರು ಬರೆದರು. ಅದನ್ನು ನುಡಿಸುವಾಗ ಪ್ರೆಸ್ಟನ್ ವೇದಿಕೆಯ ಮೇಲೆ ಗೋಡೆಗೆ ಮುಖಮಾಡಿ, ಅಳುವವನಂತೆ ಭುಜ ಕುಲುಕಿಸತೊಡಗಿದ. ಮುಂದಿನ ಸಾಲಿನವರು ಅತ್ತರು. ಆ ಮೂರ್ಖರನ್ನೆಲ್ಲ ನೋಡುತ್ತ ಐಲಾ ತನ್ನ ಪಾಡಿಗೆ ನುಡಿಸಿದಳು.

ಭಾನುವಾರ ಅಪ್ಪನ ಫೋನ್ ಬಂತು.

“ಐದನೇದು ಕೇಳ್ದೆ ಕಣಮ್ಮ. ಆ ಹುಡುಗ ಈಗ ಚೆನ್ನಾಗಿ ಹಾಡ್ತಾನೆ.”