ಎಲ್ಲರಿಗೂ ಒಂದೇ ಪುಟ

"ನಾನ್ ಲಾಗಿನ್ ಆದ್ರೆ 'ನಮಸ್ಕಾರ ನಾದಿಯಾ' ಅಂತ ಬರ್ತಿದೆಯಲ್ಲಪ್ಪ. ನಿನಗೇನ್ ಕಾಣ್ತಿದೆ ನೋಡು" ಎಂದಳು ಗ್ಲೆಂಡಾ ಫೋನಿನಲ್ಲಿ. ಮ್ಯಾನಿಟೋಬಾದ ಆ ಸಣ್ಣ ಊರಿನಲ್ಲಿ, ಕೈ ಸಾಲದವರಿಗೆ ಪುಕ್ಕಟೆ ದಿನಸಿ ಹಂಚುವ ಫುಡ್ ಬ್ಯಾಂಕ್ ನಡೆಸುವವಳು ಅವಳು. ಅದರ ವೆಬ್‌ಸೈಟನ್ನು ಬಿಟ್ಟಿಯಾಗಿ ನೋಡಿಕೊಳ್ಳುವವನು ಕೋರಿ.

ಅವನಿಗೂ ಅದೇ ಕಂಡಿತು. ನಮಸ್ಕಾರ ನಾದಿಯಾ ಬಾಯ್ಚುಕ್. ಒಬ್ಬರಿಗಾಗುವಷ್ಟು ದಿನಸಿಯ ಪೆಟ್ಟಿಗೆ. ಸಕ್ಕರೆ ಕಾಯಿಲೆ ಇದೆ. ಗುರುವಾರ ಮೂರು ಗಂಟೆ, ಹಿಂಬಾಗಿಲು.

ಸೈಟು ತೆವಳುತ್ತದೆ ಎಂದು ಎಲ್ಲರೂ ಗೊಣಗುತ್ತಿದ್ದರು. ಪುಟವನ್ನು ಪ್ರತಿ ಸಲ ಹೊಸದಾಗಿ ಕಟ್ಟುವ ಬದಲು, ಒಮ್ಮೆ ಕಟ್ಟಿದ್ದರ ನಕಲು ಇಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುವ ಏರ್ಪಾಟನ್ನು ಅವನು ಹಿಂದಿನ ದಿನವಷ್ಟೇ ಮಾಡಿದ್ದ. "ಕಣ್ಣು ಮಿಟುಕಿಸೋದ್ರೊಳಗೆ ಬರತ್ತೆ, ನೋಡ್ತಿರು" ಎಂದು ಜಂಬ ಬೇರೆ ಕೊಚ್ಚಿದ್ದ. ಹೆಸರು ಹಾಕಿ ಒಳಗೆ ಬಂದವರ ಪುಟಗಳ ನಕಲು ಬೇಡ ಎಂದು ಒಂದು ಸಾಲು ಬರೆಯಬೇಕಿತ್ತು. ಕಲಿಯುವ ಹುಡುಗರೂ ಮರೆಯದ ಆ ಸಾಲನ್ನು ಅವನು ಮರೆತಿದ್ದ. ಬೆಳಿಗ್ಗೆ ಮೊದಲು ಬಂದವರು ಬಾಯ್ಚುಕ್ ಟೀಚರ್. ದಾನ ಕೊಡುವವರು, ಸ್ವಯಂಸೇವಕರು, ಯಾರು ಬಂದರೂ ಅವರ ಪುಟವೇ ಸಿಕ್ಕಿತು.

ನಕಲನ್ನು ಅಳಿಸಲು ಒಂದು ಕ್ಷಣ ಸಾಕಾಯಿತು. ಆದರೆ ಅಷ್ಟರಲ್ಲಿ ಮಧ್ಯಾಹ್ನವಾಗಿ, ನೋಡುವವರೆಲ್ಲ ನೋಡಿಯಾಗಿತ್ತು. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿದ, ಚರ್ಚಿನ ಊಟದ ದಿನ ಎಲ್ಲರಿಗೂ ತಾವೇ ನಿಂತು ಬಡಿಸುವ ಹೆಂಗಸು ಅವರು.

ಗುರುವಾರ ನಾಲ್ಕಾದರೂ ಟೀಚರ್ ಬರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಕೋರಿಯೇ ಅವರ ಮನೆಗೆ ಹೋದ. ಬಾಗಿಲು ತೆರೆದವರು ಒಳಗೆ ಕರೆಯಲಿಲ್ಲ.

"ತಪ್ಪು ನಂದು ಟೀಚರ್. ಕಂಪ್ಯೂಟರ್‌ದಲ್ಲ, ನಂದೇ."

"ಗೊತ್ತು. ಶಾಲೇಲಿ ಲೆಕ್ಕಾನೂ ನೀನು ಹಾಗೇ ಮಾಡ್ತಿದ್ದೆ. ಎಲ್ಲರಿಗಿಂತ ಮೊದ್ಲು ಮುಗಿಸ್ಬೇಕು ನಿನಗೆ. ತಿರುಗಿ ನೋಡೋ ಅಭ್ಯಾಸ ಇರ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಕೋರಿ ಪೆಟ್ಟಿಗೆಯನ್ನು ಮುಂದೆ ಚಾಚಿದ.

"ಇದನ್ನಾದ್ರೂ ಇಟ್ಕೊಳ್ಳಿ ಟೀಚರ್."

"ಎರಡು ದಿನದಿಂದ ಬೀದಿಯವರೆಲ್ಲ ಸೂಪು ತರ್ತಿದಾರೆ. ಒಬ್ಬೊಬ್ರೂ ಮೆಲ್ಲಗೆ ಮಾತಾಡ್ತಾರೆ, ಮನೇಲಿ ಹೆಣ ಇದೆಯೇನೋ ಅನ್ನೋ ಹಾಗೆ. ನೀನೂ ಶುರು ಮಾಡ್ಬೇಡ." ಅವರು ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು. "ನನ್ನ ಹೆಸರು ತೆಗೆದುಬಿಡು ಅಲ್ಲಿಂದ. ಅದನ್ನಾದ್ರೂ ನಿಧಾನಕ್ಕೆ, ಸರಿಯಾಗಿ ಮಾಡು."

"ಊಟಕ್ಕೆ ಏನ್ಮಾಡ್ತೀರಿ?"

"ಅದು ನಿನ್ನ ಲೆಕ್ಕ ಅಲ್ಲ ಕೋರಿ."

ಅವನು ಕಾರಿನಲ್ಲಿ ಕೂತು ಫೋನು ತೆಗೆದ. ಪೆಟ್ಟಿಗೆ ಪಡೆಯುವವರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿ, ತೆಗೆಯುವ ಗುಂಡಿ ಒತ್ತಿದಾಗ, ನಿಜವಾಗಿ ತೆಗೆಯಬೇಕೇ ಎಂದು ಪರದೆ ಕೇಳಿತು. ಅವನು ಹೆಸರನ್ನು ಓದಿದ, ಇನ್ನೊಮ್ಮೆ ಓದಿದ. ತಲೆಯೆತ್ತಿದಾಗ ಟೀಚರ್ ಕಿಟಕಿಯಲ್ಲಿ ಕೈಕಟ್ಟಿ ನಿಂತಿದ್ದರು, ಅವನು ಮುಗಿಸುವುದನ್ನೇ ಕಾಯುತ್ತ.